ಹೆಸರನ್ನೇ ಇಟ್ಟುಕೊಳ್ಳದೆ ಜಾಗ ಹೇಗೆ ಹೇಳುತ್ತೆ?

ರಾಯಚೂರಿನಲ್ಲಿ ಡೇಟಾ ಸ್ಟ್ರಕ್ಚರ್ ಓದುವ ಹುಡುಗರು ನನ್ನನ್ನು ಪದೇ ಪದೇ ಕೇಳುವುದು ಇದನ್ನೇ: "ಸರ್, ಪರ್ಫೆಕ್ಟ್ ಹ್ಯಾಶ್‌ನಲ್ಲಿ ಒಂದು ಕೀಗೆ 2 ಬಿಟ್ ಸಾಕು ಅಂತೀರಿ. ಅಕ್ಷರ ಉಳಿಸೋ ಯುಟಿಎಫ್-8ನಲ್ಲಿ ಬರೀ 'ಮ' ಬರೆಯೋಕೇ 24 ಬಿಟ್ ಬೇಕಲ್ರಿ?"

ಬೇಕು. ಆದರೆ ನಾವು 'ಮ' ಬರೆದಿಡುವುದೇ ಇಲ್ಲ. ಹ್ಯಾಶ್ ಅಂದ್ರೆ ಕೀಯಿಂದ, ಅಂದ್ರೆ ಹೆಸರಿನಿಂದ, ಖಾನೆ ಸಂಖ್ಯೆ ಲೆಕ್ಕ ಹಾಕುವ ಸೂತ್ರ. ಯಾವ ಎರಡು ಹೆಸರೂ ಒಂದೇ ಖಾನೆಗೆ ಬೀಳದಿದ್ದರೆ ಅದು ಪರ್ಫೆಕ್ಟ್.

ಐದು ಊರು ತಗೊಳ್ಳಿ: ಮಾನ್ವಿ, ಮಸ್ಕಿ, ಸಿಂಧನೂರು, ದೇವದುರ್ಗ, ಲಿಂಗಸುಗೂರು. ಖಾನೆಗಳೂ ಐದೇ. ಹ್ಯಾಶ್‌ಗೆ ಸೀಡ್ (ಹಂಚಿಕೆ ಬದಲಿಸುವ ಸಂಖ್ಯೆ) 0 ಕೊಟ್ಟು ನೋಡಿ. ಮಾನ್ವಿ, ಮಸ್ಕಿ ಎರಡೂ ಒಂದೇ ಖಾನೆಗೆ ಬಿದ್ದವು ಅನ್ನಿ. ಬಿಟ್ಟಾಕಿ, ಸೀಡ್ 1 ಹಿಡೀರಿ. ಐದು ಹೆಸರು ಐದು ಖಾನೆಗೆ ಬೀಳುವ ಬಗೆ ಒಟ್ಟು 3125. ಡಿಕ್ಕಿ ಇಲ್ಲದವು 120. ಸರಾಸರಿ 26 ಸೀಡ್ ನೋಡುವಷ್ಟರಲ್ಲಿ ಒಂದು ಕೂತುಬಿಡುತ್ತೆ. ಆ ಸೀಡ್ ಒಂದನ್ನೇ ಬರೆದಿಟ್ಟುಕೊಳ್ಳಿ, ಹೆಚ್ಚಿನ ಸಲ 7 ಬಿಟ್‌ನಲ್ಲಿ ಮುಗಿಯುತ್ತೆ. ಐದೂ ಊರಿಗೆ ಸೇರಿ!

ಕೋಟಿ ಹೆಸರಿಗೂ ಹೀಗೇ ಮಾಡೋಣ ಅಂದ್ರೆ ಆಗಲ್ಲ. 10 ಹೆಸರಿಗೆ ಸರಾಸರಿ 2,756 ಸೀಡ್ ನೋಡಬೇಕು. 20ಕ್ಕೆ 4 ಕೋಟಿ ದಾಟುತ್ತೆ. ಒಂದೊಂದು ಹೆಸರು ಸೇರಿದಾಗಲೂ ಕೆಲಸ ಹೆಚ್ಚುಕಮ್ಮಿ 2.7 ಪಟ್ಟು ಬೆಳೆಯುತ್ತೆ. ಎಷ್ಟು ಬುದ್ಧಿ ಓಡಿಸಿದರೂ, ಖಾಲಿ ಖಾನೆ ಬಿಡದೆ ಕೂರಿಸೋಕೆ ಕೀಗೆ ಸುಮಾರು 1.44 ಬಿಟ್‌ಗಿಂತ ಕೆಳಗೆ ಇಳಿಯೋಕಾಗಲ್ಲ ಅನ್ನುವ ಮಿತಿ ಬರುವುದೂ ಇಲ್ಲಿಂದಲೇ.

ಅದಕ್ಕೇ ಹಲವರು ಮೊದಲು ಹೆಸರುಗಳನ್ನು ಸಣ್ಣ ಗುಂಪು ಮಾಡ್ತಾರೆ. 2009ರ ಸಿಎಚ್‌ಡಿ ಎಂಬ ವಿಧಾನದಲ್ಲಿ ದೊಡ್ಡ ಗುಂಪಿಗೆ ಮೊದಲು ಜಾಗ ಹುಡುಕುತ್ತಾರೆ, ಟೇಬಲ್ ಇನ್ನೂ ಖಾಲಿ ಇರುತ್ತಲ್ವಾ. ಒಂಟಿ ಕೀಗಳು ಕೊನೆಗೆ ಉಳಿದ ಸಂದಿಯಲ್ಲಿ ತೂರಿಕೊಳ್ಳುತ್ತವೆ. ಕೀಗೆ 2 ಬಿಟ್ ಆಸುಪಾಸು. ಆಮೇಲೆ ಬಂದ ರೆಕ್‌ಸ್ಪ್ಲಿಟ್ ವಿಧಾನ 1.56ಕ್ಕೆ ಇಳಿಸಿತು: ಕೋಟಿ ಕೀಗೆ 2 ಎಂಬಿಯೂ ಬೇಡ. ಆದರೆ ಅಷ್ಟು ಹಿಂಡಬೇಕಾದರೆ ಕಟ್ಟುವ ಸಮಯ ಜಾಸ್ತಿ. ನನಗಂತೂ ಆ ಕೊನೆಯ ಅರ್ಧ ಬಿಟ್‌ಗೆ ಅಷ್ಟು ಕಾಯುವ ತಾಳ್ಮೆ ಇಲ್ಲ.

ಇನ್ನೊಂದು ಮಾತು. ಪಟ್ಟಿಯಲ್ಲಿ ಇಲ್ಲದ ಕೊಪ್ಪಳವನ್ನು ಕೇಳಿ ನೋಡಿ. "ಇಲ್ಲ" ಅನ್ನಲ್ಲ. ವಿಳಾಸ ಗೊತ್ತಿಲ್ಲ ಅನ್ನೋಕೆ ನಾಚಿ ಯಾವುದೋ ಓಣಿ ತೋರಿಸುವವರ ಹಾಗೆ ಒಂದು ಖಾನೆ ಹೇಳಿಬಿಡುತ್ತೆ. ಇದು ಬೇಡ ಅಂದ್ರೆ ಪ್ರತಿ ಖಾನೆಯಲ್ಲೂ ಅಲ್ಲಿನ ಹೆಸರಿನಿಂದ ಲೆಕ್ಕ ಹಾಕಿದ 8 ಬಿಟ್‌ನ ಗುರುತು ಇಡಿ. ಆಗ ಹೊರಗಿನ ಹೆಸರು ನುಸುಳುವ ಸಾಧ್ಯತೆ 256ಕ್ಕೆ ಒಂದು.

ಪಟ್ಟಿ ದಿನಾ ಬದಲಾಗುತ್ತಾ? ಹಾಗಾದ್ರೆ ಇದರ ಸಹವಾಸವೇ ಬೇಡ. ಒಂದು ಹೆಸರು ಸೇರಿದರೂ ಮತ್ತೆ ಕಟ್ಟಬೇಕಾಗುತ್ತೆ. ಸುಮ್ನೆ ಮಾಮೂಲಿ ಹ್ಯಾಶ್ ಟೇಬಲ್ ಹಾಕಿ.