ವರದೆಯ ದಡದ ಬನವಾಸಿ

ಶಿರಸಿಯಿಂದ ಬನವಾಸಿಗೆ ಹೊರಟವರಿಗೆ ದೇವಾಲಯಕ್ಕಿಂತ ಮೊದಲು ಎದುರಾಗುವುದು ಭತ್ತದ ಗದ್ದೆ, ಅಡಿಕೆ ತೋಟ ಮತ್ತು ಅನಾನಸಿನ ಹೊಲಗಳು. 4ನೆಯ ಶತಮಾನದಲ್ಲಿ ಕದಂಬರ ರಾಜಧಾನಿಯಾಗಿದ್ದ ಈ ಊರು ಇಂದಿಗೂ ಬೇಸಾಯವನ್ನೇ ನಂಬಿದೆ ಎಂಬುದು ನನಗೆ ಬಹಳ ಹಿಡಿಸಿತು. ಅನಾನಸಿನ ಸಾಲಿನ ಬದಿಯಲ್ಲಿ ಕುಳಿತು ನೋಡಿದರೆ, ಗರಗಸದಂಥ ಎಲೆಗಳ ನಡುವೆ ಒಂದು ಗಿಡಕ್ಕೆ ಒಂದೇ ಕಾಯಿ, ಅದರ ನೆತ್ತಿಯ ಮೇಲೊಂದು ಹಸಿರು ಜುಟ್ಟು. ಒಂದು ಹಣ್ಣಿಗಾಗಿ ರೈತ ವರ್ಷಕ್ಕೂ ಮಿಕ್ಕಿ ಕಾಯುತ್ತಾನೆಂಬುದನ್ನು, ತಿನ್ನುವಾಗ ನಾವು ನೆನೆಯುವುದೇ ಇಲ್ಲ.

ಮಧುಕೇಶ್ವರ ದೇವಾಲಯದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ನಂದಿಯ ಮುಂದೆ. ಅದರ ಒಂದು ಕಣ್ಣು ಶಿವನನ್ನೂ ಇನ್ನೊಂದು ಪಕ್ಕದ ಗುಡಿಯ ಪಾರ್ವತಿಯನ್ನೂ ನೋಡುತ್ತದೆಂದು ಹೇಳುತ್ತಾರೆ. ಸಂಜೆ ವರದೆಯ ದಡದಲ್ಲಿ ಕುಳಿತಾಗ, 10ನೆಯ ಶತಮಾನದ ಪಂಪನು ಈ ನಾಡನ್ನೇಕೆ ಅಷ್ಟು ಹಂಬಲಿಸಿದನೆಂಬುದು ಯಾರೂ ಹೇಳದೆಯೇ ತಿಳಿಯಿತು.