ಮಾಡಾಕಿ ನಾನು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನ್ನ ಬಾಯನ್ನು ಕಳೆದ ಮಂಗಳವಾರ ಪಕ್ಕದ ಮನೆಯ ಅಕ್ಕ ಒಂದೇ ಪ್ರಶ್ನೆಯಿಂದ ಕಟ್ಟಿಹಾಕಿದರು. ಧಾರವಾಡದ ಸಪ್ತಾಪುರದಲ್ಲಿ ಅವರು ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾರೆ. ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಓದಲೆಂದು ಬಂದ ಹುಡುಗರು; ಅವರಲ್ಲಿ ಕೇರಳದ ಕಡೆಯವರೊಡನೆ ಇಂಗ್ಲಿಷ್ ಬಿಟ್ಟರೆ ಬೇರೆ ದಾರಿಯಿಲ್ಲ. ಅದಕ್ಕೆಂದೇ ಅಕ್ಕ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕಿವಿಗೆ ಬಿದ್ದ ಇಂಗ್ಲಿಷನ್ನೆಲ್ಲ ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟುಕೊಂಡಿದ್ದಾರೆ. ‘ಬ್ಯಾಡ್ ಅಂದ್ರ ಕೆಟ್ಟದ್ದು, ಕೆಟ್ಟದ್ದು ಬ್ಯಾಡ’ ಎಂಬುದು ಅದರ ಮೊದಲ ಪುಟದ ಸಾಲು.

ರೊಟ್ಟಿ ಒಯ್ಯಲು ಹೋದಾಗ ಅವರು ಫೋನಿನಲ್ಲಿ ‘ಹೌ ಮೆನಿ ರೊಟ್ಟಿ ಯು ವಾಂಟ್?’ ಎಂದು ಕೇಳುತ್ತಿದ್ದರು. ಚಟ ಬಿಡಬೇಕಲ್ಲ! ‘ಹೌ ಮೆನಿ ರೊಟ್ಟಿ ಡು ಯು ವಾಂಟ್ ಅನ್ನಬೇಕ್ರಿ ಅಕ್ಕಾರ’ ಎಂದೆ. ಬಡಿಯುತ್ತಿದ್ದ ರೊಟ್ಟಿಯ ಮೇಲಿಂದ ಕೈ ತೆಗೆಯದೆ ಅವರು ಕೇಳಿದರು: ‘ಡು ಅಂದ್ರ ಮಾಡು ಅಲ್ರೀ ಮಾಸ್ತರ? ಆ ಹುಡುಗ ಏನ್ ಮಾಡಬೇಕ್ರಿ ಇಲ್ಲೆ? ಮಾಡಾಕಿ ನಾನು.’

ಪ್ರಶ್ನಾರ್ಥಕ ವಾಕ್ಯ, ಸಹಾಯಕ ಕ್ರಿಯಾಪದ ಎಂದೇನೋ ತೊದಲಿದೆ. ಅದು ಹೆಸರಾಯಿತೇ ಹೊರತು ಉತ್ತರವಾಗಲಿಲ್ಲ. ಆ ‘ಡು’ಗೆ ಅಲ್ಲಿ ಸ್ವಂತ ಅರ್ಥವೇ ಇಲ್ಲ. ಶೇಕ್ಸ್‌ಪಿಯರನ ಕಾಲದವರು ಪ್ರಶ್ನೆಯನ್ನು ಅದಿಲ್ಲದೆಯೂ ಕೇಳುತ್ತಿದ್ದರು, ಅದನ್ನು ಹಾಕಿಯೂ ಕೇಳುತ್ತಿದ್ದರು. ಅದು ಕಡ್ಡಾಯವೆನ್ನುವಷ್ಟು ನೆಲೆಯೂರಿದ್ದು ಆಮೇಲೆ. ಇದನ್ನು ಎಂ.ಎ. ಓದುವಾಗ ತಿಳಿದಿದ್ದೆ, ಆದರೆ ತರಗತಿಯಲ್ಲಿ ಒಬ್ಬ ಹುಡುಗನಿಗೂ ಹೇಳಿರಲಿಲ್ಲ. ‘ಡು’ ಬಿಟ್ಟವನ ವಾಕ್ಯದ ಮೇಲೆ ಕೆಂಪು ಗೆರೆ ಎಳೆದು ಮುಂದಕ್ಕೆ ಹೋಗಿದ್ದೆ. ಇಂಗ್ಲಿಷನ್ನು ಹಗುರ ಮಾಡಲು ಹೊರಟ ಒಗ್ಡೆನ್ ಎಂಬ ಬ್ರಿಟಿಷ್ ಭಾಷಾತಜ್ಞ 1930ರಲ್ಲಿ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಕಟ್ಟಿದಾಗ ಕ್ರಿಯಾಪದಗಳನ್ನು ಬರೀ 18ಕ್ಕೆ ಇಳಿಸಿದ. ಅಕ್ಕನ ನೋಟ್‌ಬುಕ್ಕಿನಲ್ಲಿರುವ ಕಮ್, ಗೋ, ಗಿವ್, ಟೇಕ್ ನಾಲ್ಕೂ ಆ ಪಟ್ಟಿಯಲ್ಲಿವೆ. ಅವರಿಗೆ ದಿನಬೆಳಗಾದರೆ ಬೇಕಾದ ‘ವಾಂಟ್’ ಅದರಲ್ಲಿಲ್ಲ, ಬೇಡವಾದ ‘ಡು’ ಇದೆ. ವ್ಯಾಕರಣ ಸರಳ ಮಾಡುವವರು ರೊಟ್ಟಿ ಮಾರುವವರನ್ನು ಒಂದು ಮಾತು ಕೇಳಬೇಕಿತ್ತೇನೋ.

ಅಷ್ಟರಲ್ಲಿ ಫೋನಿಗೆ ಒಂದು ಸಂದೇಶ ಬಂತು. ಮಾತನ್ನು ನಿಭಾಯಿಸುವ ಅಕ್ಕನಿಗೆ ಓದುವುದೇ ತೊಡಕು; ಎಷ್ಟೆಂದರೂ ಅವರ ನೋಟ್‌ಬುಕ್ಕು ಕಿವಿಯದು, ಕಣ್ಣಿನದಲ್ಲ. ಟಿ, ಓ, ಎನ್, ಐ, ಜಿ, ಎಚ್, ಟಿ ಎಂದು ಒಂದೊಂದಾಗಿ ಹೇಳಿದರು. ‘ಟುನೈಟ್ ರೀ, ಇವತ್ತ ರಾತ್ರಿ’ ಎಂದೆ. ‘ಹಂಗಾರ ನಡುವ ಜಿ, ಎಚ್ ಯಾಕ ಸುಮ್ನ ಕುಂತಾವ್ರೀ?’ ಈ ಸಲ ಉತ್ತರ ಗೊತ್ತಿತ್ತು. ಒಂದು ಕಾಲಕ್ಕೆ ಅವು ಸುಮ್ಮನೆ ಕುಳಿತಿರಲಿಲ್ಲ. ಗಂಟಲಿನಿಂದ ಹೊರಡುವ ಒರಟು ಹಕಾರವೊಂದು ಅಲ್ಲಿತ್ತು, ಜರ್ಮನರು ರಾತ್ರಿಗೆ ಅನ್ನುವ ‘ನಾಖ್ಟ್’ನಲ್ಲಿ ಅದು ಈಗಲೂ ಕೇಳುತ್ತದೆ. ಇಂಗ್ಲಿಷರ ಬಾಯಿಂದ ದನಿ ಹೋಯಿತು, ಕಾಗದದ ಮೇಲೆ ಅಕ್ಷರ ಉಳಿಯಿತು. ‘ಮನಿ ಖಾಲಿ ಮಾಡಿದ್ರೂ ಬಾಗಲಾಗ ಹೆಸರಿನ ಬೋರ್ಡ್ ಉಳದಂಗ’ ಎಂದರು ಅಕ್ಕ. ಇದೇ ಪದವನ್ನು ತಪ್ಪಿದವರಿಂದ ನಾನು ಐವತ್ತು ಸಲ ಬರೆಸುತ್ತಿದ್ದೆ.

ಹಾಗೆಂದು ಉಚ್ಚರಿಸಿದಂತೆ ಬರೆದರೆ ಎಲ್ಲವೂ ನೆಟ್ಟಗಾಗುತ್ತದೆ ಎಂದು ನಾನು ಹೇಳಲಾರೆ. ನೋಟ್‌ಬುಕ್ಕಿನಲ್ಲಿ ‘ರೈಟ್’ ಎಂಬುದು ಮೂರು ಕಡೆ ಇದೆ: ಬಲಗಡೆ, ಸರಿ, ಬರಿ. ಬಸ್ಸು ಬಿಡಿಸುವ ಕಂಡಕ್ಟರನ ‘ರೈಟ್ ರೈಟ್’ ಸೇರಿಸಿದರೆ ನಾಲ್ಕು. ಬರೆಯುವ ‘ರೈಟ್’ನ ಮುಂದೆ ದನಿಯಿಲ್ಲದೆ ನಿಂತ ಡಬ್ಲ್ಯೂ ಕನಿಷ್ಠ ಆ ಒಂದನ್ನಾದರೂ ಬೇರೆ ಮಾಡಿ ತೋರಿಸುತ್ತದೆ. ನಮ್ಮ ಅರ್ಕಾವತ್ತೂ ಉಚ್ಚಾರದಲ್ಲಿ ಮುಂದೆ, ಬರಹದಲ್ಲಿ ಹಿಂದೆ ಬಂದು ಎಷ್ಟು ಮಕ್ಕಳನ್ನು ಅಳಿಸಿಲ್ಲ!

ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಅವರ ಮಗ ಊರಿಗೆ ಬಂದಾಗಲೆಲ್ಲ ಆ ನೋಟ್‌ಬುಕ್ಕು ತೆಗೆದು ಗೆಳೆಯರೆದುರು ಓದಿ ನಗುತ್ತಾನೆ. ಆ ರೊಟ್ಟಿಯ ದುಡ್ಡಿನಲ್ಲಿ ಓದಿದವನು ಎಂಬುದಕ್ಕಿಂತ, ಅವನ ಇಂಗ್ಲಿಷಿಗೆ ಅಡಿಪಾಯ ಹಾಕಿದ ಮಾಸ್ತರ ನಾನೇ ಎಂಬುದು ನನ್ನನ್ನು ಈ ವಾರವೆಲ್ಲ ಚುಚ್ಚುತ್ತಿದೆ. ನಗುವುದನ್ನೂ ನನ್ನ ಕೆಂಪು ಪೆನ್ನಿನಿಂದಲೇ ಕಲಿತಿರಬೇಕು.

ನಿನ್ನೆ ಸಂಜೆ ಮತ್ತೆ ರೊಟ್ಟಿಗೆ ಹೋಗಿದ್ದೆ. ನೋಟ್‌ಬುಕ್ಕು ಹಿಟ್ಟಿನ ಡಬ್ಬಿಯ ಮೇಲೆ ತೆರೆದುಕೊಂಡಿತ್ತು. ‘ಟುನೈಟ್’ ಎಂದು ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷಿನ ಏಳೂ ಅಕ್ಷರಗಳನ್ನು ಚಿತ್ರದಂತೆ ಬಿಡಿಸಿ, ನಡುವಿನ ಎರಡಕ್ಕೆ ಸುತ್ತು ಹಾಕಿ ‘ಖಾಲಿ ಮನಿ’ ಎಂದು ಗುರುತು ಮಾಡಿದ್ದರು. ಫೋನು ಬಂತು. ‘ಹೌ ಮೆನಿ ರೊಟ್ಟಿ...’ ಎಂದು ನನ್ನ ಮುಖ ನೋಡಿ ಒಂದು ಗಳಿಗೆ ತಡೆದರು. ನಾನು ಮಾತಾಡಲಿಲ್ಲ. ‘ಯು ವಾಂಟ್?’ ಎಂದು ಮುಗಿಸಿ, ಇಪ್ಪತ್ತು ರೊಟ್ಟಿ ಎಣಿಸತೊಡಗಿದರು.