ಮುರುಕಿವಿಯ ವಂಶ

2024 ಡಿಸೆಂಬರ್ 15, ಭಾನುವಾರ
ಮಳವಳ್ಳಿ

ಬೆಳಿಗ್ಗೆ ಏಳು ಗಂಟೆಗೆ ಕಿರುಗಾವಲಿನ ಕಡೆಯ ಒಂದು ಊರಿನಿಂದ ಕರೆ ಬಂತು. ಮೂರು ದಿನದ ಹಿಂದೆ ಮರಿ ಹಾಕಿದ್ದ ಕುರಿಗೆ ಕೆಚ್ಚಲು ಬಾವು. ಚುಚ್ಚುಮದ್ದು ಕೊಟ್ಟು ಹಾಲು ಹಿಂಡಿಸುವ ಕ್ರಮವನ್ನು ಹೇಳಿಕೊಡುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಆದರೆ ಕುರಿಗಳ ಯಜಮಾನರಾದ ತಾತ ತಮ್ಮ ನಲವತ್ತು ಹೆಣ್ಣು ಕುರಿಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಡಲು ತೊಡಗಿದ್ದರಿಂದ ನಾನು ರೊಪ್ಪದಿಂದ ಹೊರಗೆ ಬರುವಷ್ಟರಲ್ಲಿ ಹತ್ತಾಗಿತ್ತು.

ತಾತ ಒಂದು ಕುರಿಯ ಸೊಂಟ ಹಿಡಿದು ನನ್ನ ಕಡೆಗೆ ಬೆನ್ನು ಮಾಡಿ ನಿಲ್ಲಿಸಿದರು. ಹಿಂದಿನಿಂದ ನೋಡಿದರೆ ಎರಡು ತೊಡೆಗಳೂ ಬೆನ್ನೂ ಸೇರಿ ಬೋರಲು ಹಾಕಿದ ಬೋಗುಣಿಯ ಹಾಗೆ ಕಾಣುವ, ಕುಳ್ಳಗೆ ಅಗಲವಾಗಿರುವ, ಕೊಂಬಿಲ್ಲದ ಅಪ್ಪಟ ಬಂಡೂರು ಕುರಿ ಅದು. ಮೈ ಬಿಳಿ, ಮುಖ ಕೆಂಗಂದು, ಕೊರಳ ಕೆಳಗೆ ತೊಗಲಿನ ಎರಡು ಕುಚ್ಚು. "ಇದು ಮುರುಕಿವಿ ಮಗಳು ಕಣವ್ವ. ಮುರುಕಿವಿ ಅವ್ವನ ಅವ್ವನ್ನ ನಮ್ಮವ್ವ ತನ್ನ ತವರಿಂದ ಹೊಡ್ಕೊಂಡು ಬಂದಿದ್ಲು" ಎಂದರು. ಇದರ ಅಪ್ಪ ಯಾವ ಟಗರು ಎಂದು ಕೇಳಿದೆ. "ಟಗರಾ? ಆ ವರ್ಷ ಯಾವ್ದಿತ್ತೋ ಅದೇ" ಎಂದು ಮುಂದಿನ ಕುರಿಯ ಕಡೆಗೆ ನಡೆದರು.

ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಕುರಿಯ ಜೀವಕೋಶದ ಬೀಜಕೇಂದ್ರದಲ್ಲಿ ಸುಮಾರು 520 ಕೋಟಿ ಅಕ್ಷರಗಳ ಡಿಎನ್‌ಎ ಇದೆ. ಅದರ ಅರ್ಧ ತಂದೆಯಿಂದ ಬರುತ್ತದೆ, ಅರ್ಧ ತಾಯಿಯಿಂದ. ಆದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದೊಳಗೆ ಸುಮಾರು 16,600 ಅಕ್ಷರಗಳ ಇನ್ನೊಂದು ಪುಟ್ಟ ಉಂಗುರವಿದೆ, ಅದು ಬರುವುದು ತಾಯಿಯಿಂದ ಮಾತ್ರ. ವೀರ್ಯಾಣುವಿನ ಜೊತೆಗೆ ಬರುವ ಮೈಟೊಕಾಂಡ್ರಿಯಗಳನ್ನು ಭ್ರೂಣವೇ ಗುರುತಿಸಿ ನಾಶಮಾಡುತ್ತದೆ. ಹಾಗಾಗಿ ಮುರುಕಿವಿಯ ಮಗಳ ಮೈಯಲ್ಲಿರುವ ಉಂಗುರ ತಾತನ ತಾಯಿಯ ತವರಿನಿಂದ ಬಂದ ಕುರಿಯ ಉಂಗುರವೇ ಹೌದು. ತಾತ ನೆನಪಿಟ್ಟುಕೊಂಡಿರುವ ವಂಶಾವಳಿಯೂ ಮೈಟೊಕಾಂಡ್ರಿಯ ಬರೆದಿಟ್ಟುಕೊಂಡಿರುವ ವಂಶಾವಳಿಯೂ ಒಂದೇ.

ಈ ಉಂಗುರವನ್ನು ಓದಿಯೇ ವಿಜ್ಞಾನಿಗಳು ಪ್ರಪಂಚದ ಸಾಕುಕುರಿಗಳನ್ನು ಎ, ಬಿ, ಸಿ, ಡಿ, ಇ ಎಂಬ ಐದು ತಾಯಿವಂಶಗಳಾಗಿ ವಿಂಗಡಿಸಿದ್ದಾರೆ. ಯುರೋಪಿನಲ್ಲಿ ಬಿ ವಂಶದ ಕುರಿಗಳು ಬಹುಸಂಖ್ಯೆಯಲ್ಲಿವೆ, ಭಾರತದಲ್ಲಿ ಎ ವಂಶದವು. ಡಿ ಮತ್ತು ಇ ವಂಶಗಳು ತುರ್ಕಿ, ಕಾಕಸಸ್ ಮುಂತಾದ ಕಡೆ ಮಾತ್ರ ಅಪರೂಪಕ್ಕೆ ಸಿಗುತ್ತವೆ. ಇಂದಿನ ತುರ್ಕಿಯ ಪೂರ್ವಭಾಗದಿಂದ ಇರಾನಿನವರೆಗಿನ ಬೆಟ್ಟಸಾಲಿನಲ್ಲಿ ಮನುಷ್ಯ ಏಷ್ಯಾದ ಮೌಫ್ಲಾನ್ ಎಂಬ ಕಾಡುಕುರಿಯನ್ನು ಪಳಗಿಸಿದ್ದು ಸುಮಾರು ಹತ್ತೂವರೆ ಸಾವಿರ ವರ್ಷಗಳ ಹಿಂದೆ. ಆದರೆ ಈ ವಂಶಗಳು ಒಂದರಿಂದೊಂದು ಕವಲೊಡೆದದ್ದು ಅದಕ್ಕೂ ಬಹಳ ಹಿಂದೆ. ಎಂದರೆ ಒಬ್ಬಳೇ ಆದಿಮಾತೆಯಿಂದ ಸಾಕುಕುರಿಗಳೆಲ್ಲ ಹುಟ್ಟಲಿಲ್ಲ, ಕಾಡಿನಲ್ಲಿದ್ದಾಗಲೇ ಬೇರೆ ಬೇರೆಯಾಗಿದ್ದ ಹಲವು ಹೆಣ್ಣುಗಳು ಮನುಷ್ಯನ ರೊಪ್ಪವನ್ನು ಸೇರಿದವು. ನಮಗೆ ಹತ್ತಿರದ ಕಾಡುಕುರಿಯೆಂದರೆ ಲಡಾಖಿನ ಯೂರಿಯಲ್. ಅದೇ ನಮ್ಮ ಕುರಿಗಳ ಮೂಲವಿರಬಹುದೆಂಬ ಊಹೆಯೂ ಒಂದು ಕಾಲಕ್ಕೆ ಇತ್ತು, ಆದರೆ ಅದು ನಿಲ್ಲಲಿಲ್ಲ. ಯೂರಿಯಲ್‌ಗೆ 58 ವರ್ಣತಂತುಗಳು, ಸಾಕುಕುರಿಗೂ ಮೌಫ್ಲಾನಿಗೂ 54, ತಾಯಿವಂಶವೂ ಬೇರೆಯೇ.

2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಏಕೆಂದರೆ ಅದರಲ್ಲಿ ನಮ್ಮ ತಾಲ್ಲೂಕಿನ ಕುರಿಯಿದೆ. (ತಳಿಗೆ ಹೆಸರು ಕೊಟ್ಟ ಬಂಡೂರು ನಮ್ಮ ಮಳವಳ್ಳಿ ತಾಲ್ಲೂಕಿನ ಊರು, ಪ್ರಬಂಧಗಳು ಮಾತ್ರ ಇದನ್ನು ಬನ್ನೂರು ಎಂದೋ ಮಂಡ್ಯ ಎಂದೋ ಕರೆಯುತ್ತವೆ.) ಬಂಡೂರು, ಡೆಕ್ಕನಿ ಮತ್ತು ಸುಂದರಬನದ ಗ್ಯಾರೋಲ್ ತಳಿಗಳ 73 ಕುರಿಗಳಲ್ಲಿ ಉಂಗುರದ 1,061 ಅಕ್ಷರಗಳನ್ನು ಓದಿ ನೋಡಿದಾಗ 52 ಬಗೆಯ ಪಾಠಗಳು, ಎಂದರೆ ಅಕ್ಷರಗಳ ಬೇರೆ ಬೇರೆ ಜೋಡಣೆಗಳು, ಸಿಕ್ಕವು, ಆದರೆ ಮೂರೂ ತಳಿಗಳ ನಡುವೆ ಸಾಮಾನ್ಯವಾದ ಪಾಠ ಒಂದೂ ಇರಲಿಲ್ಲ. ವೈವಿಧ್ಯ ಅತಿ ಹೆಚ್ಚಾಗಿ ಕಂಡದ್ದು ಬಂಡೂರಿನಲ್ಲಿಯೇ. ಅದನ್ನು ಮೊದಲ ಸಲ ಓದಿದಾಗ ನನಗಾದ ಸಂತೋಷ ಈಗಲೂ ನೆನಪಿದೆ. ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟೊಂದು ತಾಯಂದಿರ ಕವಲುಗಳನ್ನು ನಮ್ಮ ರೈತರು ಯಾರೂ ಹೇಳಿಕೊಡದೆ ಉಳಿಸಿಕೊಂಡು ಬಂದಿದ್ದಾರೆ.

ಆದರೆ ಈ ಸಂತೋಷವೇ ನಮ್ಮನ್ನು ದಾರಿ ತಪ್ಪಿಸಬಹುದೆಂದು ಇವತ್ತು ಅನ್ನಿಸಿತು. ಮುರುಕಿವಿಯ ಮಗಳಿಗೆ ಹೊರಗಿನ ಎತ್ತರದ ಟಗರನ್ನು ಬಿಟ್ಟರೆ ಹುಟ್ಟುವ ಮರಿ ಅರ್ಧ ಮಾತ್ರ ಬಂಡೂರು. ಹೀಗೆಯೇ ಪ್ರತಿ ತಲೆಮಾರಿಗೂ ಹೊರಗಿನ ಟಗರು ಬಂದರೆ ಆರನೆಯ ತಲೆಮಾರಿನಲ್ಲಿ ಬಂಡೂರಿನ ಪಾಲು 64ರಲ್ಲಿ ಒಂದಕ್ಕೆ ಇಳಿಯುತ್ತದೆ, ಕುಳ್ಳು ಮೈ ಹೋಗುತ್ತದೆ, ಬೋಗುಣಿಯಂಥ ಬೆನ್ನು ಹೋಗುತ್ತದೆ, ಜನ ಹುಡುಕಿಕೊಂಡು ಬರುವ ಮಾಂಸದ ರುಚಿಯೂ ಹೋಗುತ್ತದೆ. ಆದರೆ ಆ ಕುರಿಯ ರಕ್ತವನ್ನು ಪ್ರಯೋಗಾಲಯಕ್ಕೆ ಕಳಿಸಿ ಮೈಟೊಕಾಂಡ್ರಿಯವನ್ನು ಮಾತ್ರ ಓದಿಸಿದರೆ ಇದು ಬಂಡೂರಿನ ತಾಯಿಯದೇ ವಂಶ ಎಂಬ ಉತ್ತರ ಬರುತ್ತದೆ. ಉತ್ತರದಲ್ಲಿ ಸುಳ್ಳಿಲ್ಲ, ತಳಿ ಮಾತ್ರ ಉಳಿದಿರುವುದಿಲ್ಲ.

ತಾತನ ರೊಪ್ಪದಲ್ಲಿ ಈಗಿರುವುದು ಒಂದೇ ಟಗರು. ಮಂದೆಯೊಂದರ ವಂಶಬಲವನ್ನು ಅಳೆಯುವ ಲೆಕ್ಕ ಸರಳವಾದದ್ದು: ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದಲೂ ನಾಲ್ಕರಿಂದಲೂ ಗುಣಿಸಿ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ನಲವತ್ತು ಹೆಣ್ಣಿಗೆ ಒಂದು ಟಗರಾದರೆ ಉತ್ತರ 3.9. ನಲವತ್ತೊಂದು ಕುರಿಗಳ ಹಿಂಡು ವಂಶದ ಲೆಕ್ಕದಲ್ಲಿ ನಾಲ್ಕೇ ಕುರಿಗಳಿಗೆ ಸಮ! ಅದೇ ಐದು ಮನೆಯವರು ತಮ್ಮ ಇನ್ನೂರು ಹೆಣ್ಣು ಕುರಿಗಳಿಗೆ ಹತ್ತು ಟಗರುಗಳನ್ನು ಇಟ್ಟುಕೊಂಡು ಸರದಿಯ ಮೇಲೆ ಬದಲಾಯಿಸಿಕೊಂಡರೆ ಅದು 38ಕ್ಕೆ ಏರುತ್ತದೆ. ಹಾಗೆ ಮಾಡಲು ಅಡ್ಡಿಯಾಗಿರುವುದು ಅಜ್ಞಾನವಲ್ಲ, ಬೆಲೆ. ಮೈಕಟ್ಟು ಚೆನ್ನಾಗಿರುವ ಟಗರು ಮರಿಗೇ ಬಕ್ರೀದ್ ಹತ್ತಿರ ಬಂದಾಗ ಹೆಚ್ಚು ದುಡ್ಡು ಸಿಗುವುದರಿಂದ ಬೀಜಕ್ಕೆ ಉಳಿಯಬೇಕಾದ ಮರಿಯೇ ಮೊದಲು ಮಾರಾಟವಾಗುತ್ತದೆ. ಸಾಲವಿರುವ ಮನೆಯವರಿಗೆ ಅದನ್ನು ಮಾರಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ.

ಸಂಜೆ ಕೆಚ್ಚಲು ನೋಡುವ ನೆಪದಲ್ಲಿ ಮತ್ತೆ ಹೋದೆ. ಬಾವು ಸ್ವಲ್ಪ ಇಳಿದಿತ್ತು. ಕೂಳೆ ಮೇಯ್ದು ಬಂದ ಕುರಿಗಳ ನಡುವೆ ನಿಂತು ತಾತನಿಗೆ ಲೆಕ್ಕವನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಪಕ್ಕದೂರಿನಲ್ಲಿರುವ ತಮ್ಮ ಭಾವಮೈದನ ಮನೆಯಲ್ಲೂ ಇದೇ ಜಾತಿಯ ಟಗರಿದೆ, ಮುಂದಿನ ಸಲ ಅದನ್ನು ಇಲ್ಲಿಗೆ ತಂದು ತಮ್ಮದನ್ನು ಅಲ್ಲಿಗೆ ಕೊಡಬಹುದು ಎಂದರು. ಈ ಸಲದ ಮರಿಗಳಲ್ಲಿ ಎರಡು ಗಂಡನ್ನು ತಾವೇ ಆರಿಸಿ ಹಿಡಿದು ತಂದರು. ಅವುಗಳ ಕಿವಿಗೆ ಓಲೆ ಹಾಕಿ ನನ್ನ ಪುಸ್ತಕದಲ್ಲಿ ತಾಯಿಯ ಹೆಸರಿನ ಪಕ್ಕದಲ್ಲಿ ತಂದೆಗೆಂದು ಇನ್ನೊಂದು ಅಂಕಣ ಎಳೆದೆ. ಒಂದರ ತಾಯಿ ಮುರುಕಿವಿಯ ಮಗಳು, ಇನ್ನೊಂದರದು ಕರಿಗಣ್ಣಿ. ತಂದೆಯ ಅಂಕಣದಲ್ಲಿ ಎರಡಕ್ಕೂ ರೊಪ್ಪದ ಮೂಲೆಯಲ್ಲಿ ಹುರುಳಿ ಹೊಟ್ಟು ತಿನ್ನುತ್ತ ನಿಂತಿದ್ದ ಟಗರಿನ ಓಲೆಯ ಸಂಖ್ಯೆಯನ್ನೇ ಬರೆದುಕೊಂಡೆ.